ಹನ್ನೊಂದು ದಿನದ ಹಾಲು

“ಎಲ್ಲರ ರಕ್ತ ಮುಟ್ಟೋ ಹುಡುಗಿ ನಮ್ಮ ಮನೆಗೆ ಬೇಡ” — ಈ ಮಾತನ್ನು ಆಡಿದವಳು ನಾನು. ಬೇರೆ ಯಾರೋ ಅಂದದ್ದಲ್ಲ, ಗಲ್ಲಿಯ ಹೆಂಗಸರು ಹುಟ್ಟಿಸಿದ್ದೂ ಅಲ್ಲ. ಹೋದ ವರ್ಷ, ನನ್ನ ಮನೆಯ ಚಾಪೆಯ ಮೇಲೆ ಕೂತು, ನನ್ನ ಪ್ರಾಣಸ್ನೇಹಿತೆ ರಜಿಯಾಳ ಮುಖ ನೋಡಿಕೊಂಡೇ ಅವಳ ಮಗಳು ಸನಾಳ ಬಗ್ಗೆ ಆಡಿದೆ. ಆ ಮಾತು ಸುಳ್ಳು. ಸುಳ್ಳು ಎಂದು ಗೊತ್ತಿದ್ದೇ ಆಡಿದೆ. ಅದು ಎಂಥ ಸುಳ್ಳೆಂದು ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಕಡಿಮೆ — ಯಾಕೆಂದರೆ ಎಚ್‌ಐವಿ ಬಗ್ಗೆ ಜನಕ್ಕೆ ತಿಳಿವಳಿಕೆ ಹೇಳುವುದೇ ನನ್ನ ಕೆಲಸ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಹಲಸೂರಿನ ಮಾರುಕಟ್ಟೆಯಲ್ಲಿ, ಗರುಡಾಚಾರ್‌ಪಾಳ್ಯದ ಕಾರ್ಖಾನೆಗಳ ಗೇಟಿನ ಮುಂದೆ, ಕೆ.ಆರ್. ಪುರದ ಬಸ್ಸು ನಿಲ್ಲುವ ಕಡೆ ಚಿತ್ರದ ಹಾಳೆಗಳನ್ನು ತಿರುವಿ ಹಾಕುತ್ತಾ ಕೂಗಿದ್ದೇನೆ. ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಹೆದರಬೇಡಿ, ಮುಚ್ಚಿಡಬೇಡಿ, ಇವತ್ತೇ ಪರೀಕ್ಷೆ ಮಾಡಿಸಿಕೊಳ್ಳಿ! ಮೈಕು ಕೆಟ್ಟರೂ ಫರ್ಜಾನಾ ಆಪಾ ಕೆಡುವುದಿಲ್ಲ ಎಂದು ನಮ್ಮ ಸಂಘದವರು ತಮಾಷೆ ಮಾಡುತ್ತಾರೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತ ಕನ್ನಡದಲ್ಲೊಂದು ಗಾದೆಯಿದೆ. ಅದನ್ನು ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು.

ಇಲ್ಲಿ ಹೆಸರುಗಳನ್ನು ಮಾತ್ರ ಬದಲಾಯಿಸಿದ್ದೇನೆ. ಅದು ನಮ್ಮ ಮನೆಯವರು ಹಾಕಿದ ಷರತ್ತು. ಮನೆಯಲ್ಲಿ ನಾವಾಡುವುದು ದಖ್ಖನಿ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಆದ್ದರಿಂದ ಇಲ್ಲಿನ ಮಾತುಗಳಲ್ಲಿ ಹೆಚ್ಚಿನವು ನಾನು ಕನ್ನಡಕ್ಕೆ ತಂದವು. ಉಳಿದದ್ದು ಯಾವುದನ್ನೂ ಬದಲಾಯಿಸಿಲ್ಲ, ನನ್ನ ಮುಖ ಉಳಿಸಿಕೊಳ್ಳುವುದಕ್ಕೂ ಬದಲಾಯಿಸಿಲ್ಲ.

ಶಿವಾಜಿನಗರದ ಒಂದು ಗಲ್ಲಿಯಲ್ಲಿ ರಜಿಯಾಳದ್ದೂ ನನ್ನದೂ ಒಂದೇ ಗೋಡೆಯ ಎರಡು ಮನೆ. ಅವಳ ಗಂಡನದು ಹಳೆ ಗಾಡಿಗಳ ಬಿಡಿಭಾಗ ಮಾರುವ ಗುಜರಿ ಅಂಗಡಿ. ನಮ್ಮ ಮನೆಯವರು ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ನಾವಿಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಗಲ್ಲಿಗೆ ಬಂದವರು. ಇಪ್ಪತ್ತಮೂರು ವರ್ಷದ ಹಿಂದೆ ನನಗೆ ಇಮ್ರಾನ್ ಹುಟ್ಟಿದ. ಅವನಿಗೆ ನಾಲ್ಕು ತಿಂಗಳಾಗಿದ್ದಾಗ ಅವಳಿಗೆ ಸನಾ ಹುಟ್ಟಿದಳು.

ಸನಾಗೆ ಎರಡು ತಿಂಗಳೂ ತುಂಬಿರಲಿಲ್ಲ. ರಜಿಯಾಳಿಗೆ ಹೊಟ್ಟೆನೋವು ಬಂದು, ಅಪೆಂಡಿಕ್ಸ್ ಎಂದು ಆಪರೇಷನ್ ಮಾಡಿ, ಹೊಲಿಗೆ ಕೀವಾಗಿ, ಹನ್ನೊಂದು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಅವಳ ಅತ್ತೆಯನ್ನು ಗಲ್ಲಿಯವರೆಲ್ಲ ದಾದಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದೆವು. ದಾದಿ ದಿನಾ ಬೆಳಿಗ್ಗೆ ಸೊಸೆಗೆ ಊಟದ ಡಬ್ಬಿ ತೆಗೆದುಕೊಂಡು ಹೋಗುವಾಗ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಪೌಡರ್ ಹಾಲಿನ ಬಾಟಲಿಯನ್ನು ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಆ ಮಗು ಬಾಟಲಿಯನ್ನು ಬಾಯಿಗೇ ಸೇರಿಸಲಿಲ್ಲ. ಅತ್ತು ಅತ್ತು ಅದರ ತುಟಿ ನೀಲಿಯಾಯಿತು, ಧ್ವನಿ ಕಟ್ಟಿತು. ಅದು ಅತ್ತಷ್ಟೂ ಇತ್ತ ನನ್ನ ಕುರ್ತಾದ ಎದೆ ಒದ್ದೆಯಾಗುತ್ತಿತ್ತು — ಎದೆಹಾಲಿಗೆ ತನ್ನ ಮಗು, ಪರರ ಮಗು ಎಂಬ ಭೇದ ಗೊತ್ತಿಲ್ಲ. ತಡೆಯಲಾಗದೆ ಎತ್ತಿ ಎದೆಗೆ ಹಾಕಿಕೊಂಡೆ. ಕುಡಿದು, ಬೆವರಿ, ನನ್ನ ತೋಳಲ್ಲೇ ನಿದ್ದೆಹೋಯಿತು. ಬಾಟಲಿಯ ಹಾಲನ್ನು ಬಚ್ಚಲಿಗೆ ಚೆಲ್ಲಿದೆ.

“ಕುಡಿದ್ಲಾ?” ಎಂದು ದಾದಿ ಬಂದು ಕೇಳಿದರು.

“ಹೊಟ್ಟೆತುಂಬ ಕುಡಿದ್ಲು ದಾದಿ.”

ನಮ್ಮಲ್ಲಿ ಇದೊಂದು ನಿಯಮ, ಸಣ್ಣ ನಿಯಮವಲ್ಲ. ಪರರ ಮಗುವಿಗೆ ಹಾಲು ಕೊಟ್ಟರೆ ಕೊಟ್ಟವಳು ತಾಯಿಯಾಗುತ್ತಾಳೆ, ಅವಳ ಮಕ್ಕಳು ಆ ಮಗುವಿಗೆ ಒಡಹುಟ್ಟಿದವರಾಗುತ್ತಾರೆ. ಅವರ ನಡುವೆ ಮದುವೆ ಕೂಡದು, ಎಂದೆಂದಿಗೂ ಕೂಡದು. ಅದಕ್ಕೇ ಹಾಲು ಕೊಟ್ಟವಳು ಬಾಯಿಬಿಟ್ಟು ನಾಲ್ಕು ಜನಕ್ಕೆ ಹೇಳಬೇಕು. “ಮುಚ್ಚಿಟ್ಟರೆ ನಾಳೆ ಅಣ್ಣ ತಂಗಿಗೇ ನಿಕಾಹ್ ಓದಿಸಿಬಿಡ್ತಾರೆ ಕಣೇ” ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಆದರೆ ತಾಯಿಯ ಒಪ್ಪಿಗೆಯಿಲ್ಲದೆ ಹಾಲು ಕೊಡಬಾರದು ಎಂದೂ ಒಂದು ಮಾತಿದೆ, ದಾದಿ ಅಂಥದ್ದರಲ್ಲಿ ಬಲು ಖಡಕ್ಕು. ಬೈದಾರು ಎಂದು ನಾನು ಸುಮ್ಮನಾದೆ. ರಜಿಯಾ ಮನೆಗೆ ಬಂದ ಮೇಲೆ ಅವಳಿಗೇ ಹೇಳಿದರಾಯಿತು, ಅವಳೇನು ಬೈಯುತ್ತಾಳೆಯೇ, ಕೈಹಿಡಿದು ಅಳುತ್ತಾಳೆ ಎಂದುಕೊಂಡೆ. ಹಾಗೆ ಹನ್ನೊಂದು ದಿನ ಕುಡಿಸಿದೆ.

ರಜಿಯಾ ಗುರುವಾರ ಮನೆಗೆ ಬಂದಳು. ಶುಕ್ರವಾರ ಅವಳಿಗೆ ಜ್ವರ, ಮಾತಾಡಲಾಗಲಿಲ್ಲ. ಶನಿವಾರ ಬೆಳಿಗ್ಗೆ ನಮ್ಮ ಮನೆಯವರ ರಕ್ತಪರೀಕ್ಷೆಯ ಫಲಿತಾಂಶ ತರಲು ನಾನೂ ಅವರ ಜೊತೆ ಹೋದೆ. ಎರಡು ತಿಂಗಳಿಂದ ಕೆಮ್ಮು, ಮೈ ಇಳಿದುಹೋಗಿತ್ತು. ಟಿಬಿ ಎಂದು ಗೊತ್ತಾಗಿತ್ತು, ಇನ್ನೊಂದು ಪರೀಕ್ಷೆಯನ್ನೂ ಬರೆದಿದ್ದರು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಕೌನ್ಸೆಲರ್ ಮೇಡಂ ನಮ್ಮಿಬ್ಬರನ್ನೂ ಕೂರಿಸಿ, ನಿಧಾನವಾಗಿ, ಎಚ್‌ಐವಿ ಇದೆ ಎಂದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವೂ ಇವತ್ತೇ ಟೆಸ್ಟ್ ಮಾಡಿಸ್ಕೊಳ್ಳಿ ಅಮ್ಮಾ. ಮಗು ಇದ್ಯಾ? ಎದೆಹಾಲು ಕುಡಿಸ್ತಿದೀರಾ?”

ಹಾಲಿನಿಂದಲೂ ಹೋಗಬಹುದು ಎಂದು ಅವರು ಬಿಡಿಸಿ ಹೇಳುತ್ತಿದ್ದರು. ನನಗೆ ಕೇಳಿಸುವುದು ನಿಂತುಹೋಗಿತ್ತು. ಮೊದಲು ನೆನಪಾದವನು ಇಮ್ರಾನ್ — ತಾಯಿಯಲ್ಲವೇ. ಮರುಕ್ಷಣವೇ ಸನಾ. ಇಮ್ರಾನನಿಗೆ ಕೊಟ್ಟದ್ದು ನನ್ನ ಹಣೆಬರಹ ಎನ್ನಬಹುದು. ಆ ಕೂಸಿಗೆ? ಯಾರು ಕೊಡು ಅಂದಿದ್ದರು? ಯಾರನ್ನು ಕೇಳಿ ಕೊಟ್ಟೆ?

ಮೇಡಂ ಎದುರು ಮಗನ ಹೆಸರು ಹೇಳಿದೆ, ಸನಾಳ ಹೆಸರು ಹೇಳಲಿಲ್ಲ. ನಾಳೆ ಬರುತ್ತೇನೆ ಎಂದು ಎದ್ದು ಬಂದೆ. ನಾನು ಹೋಗಲಿಲ್ಲ.

ನಾಲ್ಕು ದಿನ ಇವರ ತಟ್ಟೆಗೆ ಅನ್ನ ಬಡಿಸಿದೆ, ಒಂದು ಮಾತೂ ಆಡಲಿಲ್ಲ. ಐದನೆಯ ದಿನ ಎಲ್ಲಿಂದ ತಂದ್ರಿ ಎಂದು ಕೇಳಿದೆ. ಮದುವೆಗೆ ಮುಂಚೆ ಎಂದರು, ತಪ್ಪಾಯಿತು ಎಂದರು. ಕೈಯಲ್ಲಿದ್ದ ಪಿಂಗಾಣಿ ತಟ್ಟೆಯನ್ನು ಗೋಡೆಗೆ ಹೊಡೆದು ಚೂರು ಮಾಡಿದೆ. ಅಷ್ಟರಲ್ಲಿ ಇವರಿಗೆ ಕೆಮ್ಮು ಬಂತು, ಬಗ್ಗಿ ಬಗ್ಗಿ ಕೆಮ್ಮಿದರು. ಬೋಗುಣಿ ಹಿಡಿದು ಬೆನ್ನು ನೀವಿದವಳೂ ನಾನೇ. ಸಿಟ್ಟು ಎಷ್ಟೋ ವರ್ಷ ಇತ್ತು. ಈಗಿಲ್ಲ.

ಆದರೆ ನಾನು ಹೇಳಬೇಕಾದದ್ದು ಅವರ ತಪ್ಪಲ್ಲ, ನನ್ನದು. ಇಮ್ರಾನನ ಹಾಲನ್ನು ಫಲಿತಾಂಶ ಬಂದ ದಿನವೇ ಬಿಡಿಸಿದೆ, ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿಕೊಂಡು. ಪರೀಕ್ಷೆ ಮಾತ್ರ ಮಾಡಿಸಿಕೊಳ್ಳಲಿಲ್ಲ. ನನ್ನ ರಕ್ತ ನೋಡಿದರೆ ಸನಾಳ ಗತಿಯೂ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ — ಗೊತ್ತಿಲ್ಲದಿದ್ದರೆ ಹೇಳುವುದೇನು? ಇಂಥ ಬುದ್ಧಿ! ಹಾಗೆ ಐದು ತಿಂಗಳು ಕಳೆದೆ. ಆ ಮಗುವಿಗೆ ನಿಜಕ್ಕೂ ತಗುಲಿದ್ದರೆ ಒಂದೊಂದು ದಿನವೂ ಮುಖ್ಯವಾಗಿತ್ತು. ಅದನ್ನು ಆಮೇಲೆ ಹತ್ತೊಂಬತ್ತು ವರ್ಷ ಬೇರೆ ತಾಯಂದಿರಿಗೆ ನಾನೇ ಬಾಯಿಪಾಠ ಒಪ್ಪಿಸಿದ್ದೇನೆ.

ಆ ಐದು ತಿಂಗಳು ಗೋಡೆಯಾಚೆ ಸನಾ ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ದಿನಾ ಹೋಗಿ ಎತ್ತಿಕೊಳ್ಳುತ್ತಿದ್ದೆ. ಮುದ್ದು ಮಾಡುವ ನೆಪದಲ್ಲಿ ಕುತ್ತಿಗೆ, ಕಂಕುಳು ಮುಟ್ಟಿ ಗಂಟು ಇದೆಯೇ ಎಂದು ನೋಡುತ್ತಿದ್ದೆ, ಬಾಯಿ ತೆರೆಸಿ ನಾಲಗೆ ನೋಡುತ್ತಿದ್ದೆ. ಒಮ್ಮೆ ಅಂಗನವಾಡಿಯಲ್ಲಿ ತೂಗಿದಾಗ ಮಗುವಿನ ತೂಕ ಏರಿರಲಿಲ್ಲ. ರಜಿಯಾ ನಕ್ಕು “ಅಪ್ಪನ ಹಾಗೆ ಕಡ್ಡಿ” ಎಂದಳು. ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತೆ. “ನನ್ನ ಮಗಳಿಗೆ ಇಬ್ಬರು ಅಮ್ಮಂದಿರು ನೋಡು, ನನಗಿಂತ ಇವಳಿಗೇ ಯೋಚನೆ” ಎಂದು ಅವಳು ಅಂಗನವಾಡಿ ಟೀಚರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು. ಆಗಲಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಕೊನೆಗೆ ಕೌನ್ಸೆಲರ್ ಮೇಡಮ್ಮೇ ನನ್ನನ್ನು ಹಿಡಿದರು. ಇವರ ಔಷಧಿಗೆ ಪ್ರತಿ ತಿಂಗಳು ಜೊತೆಗೆ ಹೋಗುತ್ತಿದ್ದೆನಲ್ಲ, ಒಂದು ದಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. “ಐದು ತಿಂಗಳಿಂದ ನಾಳೆ ನಾಳೆ ಅಂತಿದೀಯ. ಇವತ್ತು ನಿನ್ನನ್ನ ಬಿಡಲ್ಲಮ್ಮ,” ಎಂದರು. ರಕ್ತ ಕೊಟ್ಟೆ. ಒಂದು ಗಂಟೆ ಆ ಬೆಂಚಿನ ಮೇಲೆ ಹೇಗೆ ಕೂತಿದ್ದೆನೋ ನನಗೇ ತಿಳಿಯದು. ಒಳಗೆ ಕರೆದರು. ನೆಗೆಟಿವ್. ಇನ್ನೊಮ್ಮೆ ಹೇಳಿ ಎಂದೆ. ಇನ್ನೊಮ್ಮೆ ಹೇಳಿದರು. ನನಗಿಲ್ಲ ಎಂದರೆ ಇಮ್ರಾನನಿಗಿಲ್ಲ. ಸನಾಗೂ ಇಲ್ಲ! ಮೂರು ತಿಂಗಳ ಮೇಲೆ ಮತ್ತೊಮ್ಮೆ ನೋಡಿದರು, ಆಗಲೂ ಇಲ್ಲ.

ಹೋದ ಜೀವ ಮರಳಿ ಬಂದಂತಾಯಿತು. ಮೊದಲ ಫಲಿತಾಂಶದ ದಿನವೇ ಅಲ್ಲಿಂದ ಬರುತ್ತಾ ಒಂದು ಕೆ.ಜಿ. ಜಿಲೇಬಿ ಕೊಂಡು ನೇರ ರಜಿಯಾಳ ಮನೆಗೆ ಹೋದೆ. ಏನೇ ವಿಶೇಷ ಎಂದು ಕೇಳಿದಳು. “ಇಮ್ರಾನನಿಗೆ ಹಲ್ಲು ಬಂತು” ಎಂದೆ. ಅವನಿಗೆ ಆಗಲೇ ಆರು ಹಲ್ಲಿದ್ದವು. ಅವಳ ಕೈಬೆರಳನ್ನೇ ಎರಡು ಸಲ ಕಚ್ಚಿದ್ದ. “ನಿನಗೆ ತಲೆ ಕೆಟ್ಟಿದೆ” ಎಂದು ನಗುತ್ತಾ ಜಿಲೇಬಿ ತಿಂದಳು. ಅವತ್ತು ಹೇಳಿಬಿಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಹಾಲಿನ ವಿಷಯ ತೆಗೆದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾಳೆ. ಅದಕ್ಕೆ ಉತ್ತರ ಹೇಳಿದರೆ ಇವರ ಕಾಯಿಲೆ ಹೊರಬೀಳುತ್ತದೆ. ಆಗಿನ ಕಾಲದಲ್ಲಿ ಹೊರಬಿದ್ದರೆ ಗಲ್ಲಿಯ ನಲ್ಲಿಯಲ್ಲಿ ನೀರೂ ಹಿಡಿಯಬಿಡುತ್ತಿರಲಿಲ್ಲ. ಆಪತ್ತು ಕಳೆಯಿತಲ್ಲ, ಇನ್ನೇಕೆ ಕೆದಕುವುದು ಎಂದು ಎರಡನ್ನೂ ಒಟ್ಟಿಗೆ ಹೂತುಬಿಟ್ಟೆ.

ಸರ್ಕಾರದ ಉಚಿತ ಮಾತ್ರೆಗಳು ಬಂದ ಮೇಲೆ ಇವರು ಎದ್ದು ಕೂತರು, ಕಾರ್ಖಾನೆಗೆ ಹೋದರು. ಇವತ್ತಿಗೂ ದಿನಕ್ಕೊಂದು ಮಾತ್ರೆ ನುಂಗುತ್ತಾರೆ. ಪರೀಕ್ಷೆಯಲ್ಲಿ ಕಾಣದಷ್ಟು ವೈರಸ್ಸು ಇಳಿದುಹೋಗಿದೆ. ಈಗ ಅವರ ಗೋಳೆಲ್ಲ ಸಕ್ಕರೆ ಕಾಯಿಲೆಯದ್ದು, ಬಿರಿಯಾನಿ ಕಡಿಮೆ ಬಡಿಸಿದೆ ಎಂಬುದರದ್ದು. ಮೇಡಂ ನನ್ನ ಬಾಯಿಯ ಜೋರು ನೋಡಿ ಈ ಕೆಲಸಕ್ಕೆ ಸೇರಿಸಿದರು. ನಾನು ಹೋಗದ ಬೀದಿಯಿಲ್ಲ — ಒಂದನ್ನು ಬಿಟ್ಟು. ಹತ್ತೊಂಬತ್ತು ವರ್ಷದಲ್ಲಿ ನಮ್ಮ ಗಲ್ಲಿಯಲ್ಲಿ ಮಾತ್ರ ಒಂದು ಸಭೆಯನ್ನೂ ಮಾಡಲಿಲ್ಲ. ಕೇಳಿದವರಿಗೆ, ನಮ್ಮ ಗಲ್ಲಿಯವರಿಗೆಲ್ಲ ಗೊತ್ತು ಎನ್ನುತ್ತಿದ್ದೆ.

ಸನಾ ಬೆಳೆದಳು. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿ ಕಮ್ಮನಹಳ್ಳಿಯ ಒಂದು ಲ್ಯಾಬಿಗೆ ಸೇರಿದಳು. ರಕ್ತ ತೆಗೆಯುವುದರಲ್ಲಿ ಎಂಥ ಕೈಗುಣ! ನರ ಸಿಗದ ಮುದುಕರು ಆ ಹುಡುಗಿಯೇ ಬರಲಿ ಎಂದು ಕಾದು ಕೂರುತ್ತಿದ್ದರು. “ಖಾಲಾ, ನೀವು ಜನಾನ ಟೆಸ್ಟ್‌ಗೆ ಕಳ್ಸಿ, ನಾನು ನೋವಾಗ್ದಂಗೆ ತೆಗೀತೀನಿ, ನಾವಿಬ್ರೂ ಪಾರ್ಟ್‌ನರ್ಸು” ಎಂದು ನನ್ನನ್ನು ಕಿಚಾಯಿಸುತ್ತಿದ್ದಳು. ಖಾಲಾ ಎಂದರೆ ಚಿಕ್ಕಮ್ಮ. ಅವಳು ಹಾಗೆ ಕರೆದಾಗಲೆಲ್ಲ ಒಳಗೆ ಏನೋ ಚುರ್ರೆನ್ನುತ್ತಿತ್ತು.

ಹೋದ ವರ್ಷ ರಜಿಯಾ ಬಂದು ಚಾಪೆಯ ಮೇಲೆ ಕೂತಳು. “ಇಮ್ರಾನನಿಗೆ ನನ್ನ ಮಗಳನ್ನ ಕೊಡ್ತೀನಿ. ಏನಂತೀಯ?” ಮಕ್ಕಳು ಚಿಕ್ಕವರಿದ್ದಾಗಿನಿಂದ ತಮಾಷೆಗೆ ಅನ್ನುತ್ತಿದ್ದಳು, ನಾನೂ ನಗುತ್ತಿದ್ದೆ. ಈ ಸಲ ತಮಾಷೆಯಲ್ಲ. ಇಮ್ರಾನ್ ಇನ್ನೂ ಕೆಲಸದಲ್ಲಿ ನೆಲೆಯಾಗಬೇಕು ಎಂದೆ. ಕಾಯ್ತೀವಿ ಎಂದಳು. ಮನೆ ಚಿಕ್ಕದು ಎಂದೆ. “ನಡುಗೋಡೆಗೆ ಬಾಗಿಲು ಒಡೆಸೋಣ, ಇದೂ ನಿಂದೇ ಅದೂ ನಿಂದೇ” ಎಂದಳು. ಅವಳು ಕೆಲಸಕ್ಕೆ ಹೋಗುವ ಹುಡುಗಿ ಎಂದೆ. “ನೀನು ಬೇಡ ಅಂದ್ರೆ ಬಿಡಿಸ್ತೀನಿ.” ಏನು ಹೇಳಿದರೂ ಅವಳ ಬಳಿ ಪ್ರೀತಿಯಿಂದ ಒಂದು ಉತ್ತರವಿತ್ತು. ಮೂಲೆಗೆ ಒತ್ತಿದ ಹಾಗಾಯಿತು. ಅವಳು ಎದ್ದುಹೋಗುವಂಥ ಮಾತು ಬೇಕಿತ್ತು ನನಗೆ, ಮತ್ತೆ ಕೇಳದಂಥ ಮಾತು. ಊರೆಲ್ಲ ಸುತ್ತಿ ಯಾವ ಮಾತನ್ನು ತಪ್ಪು ತಪ್ಪು ಎಂದು ಸಾರಿದ್ದೆನೋ ಅದೇ ಬಾಯಿಗೆ ಬಂತು. “ಎಲ್ಲರ ರಕ್ತ ಮುಟ್ಟೋ ಹುಡುಗಿ ನಮ್ಮ ಮನೆಗೆ ಬೇಡ ರಜಿಯಾ. ಯಾರ್ ಯಾರಿಗೆ ಏನೇನು ಇರುತ್ತೋ. ನನಗೆ ಭಯ.”

ಅವಳ ಕೈಯಲ್ಲಿದ್ದ ಚಹಾದ ಲೋಟ ಹಾಗೇ ನೆಲಕ್ಕಿಳಿಯಿತು. ಚಪ್ಪಲಿ ಮೆಟ್ಟುವಾಗ ಒಂದೇ ಕೇಳಿದಳು. “ನೀನೇನಾ ಫರ್ಜಾನಾ ಈ ಮಾತು ಆಡ್ತಿರೋದು?”

ಹಾಲಿನ ವಿಷಯವನ್ನಷ್ಟೇ ಹೇಳಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಸಾವಿರ ಸಲ ಕೇಳಿಕೊಂಡಿದ್ದೇನೆ. ಹಾಲು ಕೊಟ್ಟ ತಿಂಗಳು ಯಾವುದು, ಇವರು ಕಾಯಿಲೆ ಬಿದ್ದ ತಿಂಗಳು ಯಾವುದು, ನಾನು ಈ ಕೆಲಸಕ್ಕೆ ಯಾಕೆ ಬಂದೆ — ರಜಿಯಾ ದಡ್ಡಿಯಲ್ಲ, ಕೂಡಿಸಿಬಿಡುತ್ತಾಳೆ ಎಂದು ಹೆದರಿದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ, ಅಷ್ಟೇ. ಅದು ಕಾರಣ, ಸಮರ್ಥನೆಯಲ್ಲ.

ಆ ಮಾತು ರಜಿಯಾಳಿಂದ ಮಗಳಿಗೆ, ಅಲ್ಲಿಂದ ಗಲ್ಲಿಗೆ ತಲುಪಿತು; ಆ ವಾರವೇ ಸನಾ ರಕ್ತ ತೆಗೆಯುವುದನ್ನು ಬಿಟ್ಟಳು. ಅದೇ ಲ್ಯಾಬಿನಲ್ಲಿ ಬಾಗಿಲ ಹತ್ತಿರ ಕೂತು ಟೋಕನ್ ಕೊಡುವ ಕೆಲಸ ಕೇಳಿ ತೆಗೆದುಕೊಂಡಳು. ಈದ್ ಬಂತು, ಪ್ರತಿ ವರ್ಷ ನಮ್ಮ ಮನೆಗೆ ಮೊದಲು ಬರುತ್ತಿದ್ದ ರಜಿಯಾಳ ಶೀರ್ ಖುರ್ಮಾದ ಬಟ್ಟಲು ಬರಲಿಲ್ಲ. ಇಮ್ರಾನ್ ಮಾತ್ರ ಒಂದು ದಿನ, “ಅಮ್ಮೀ, ಮದುವೆ ಬೇಡ ಅಂದ್ರೆ ಬೇಡ, ನನಗೂ ಅವಳು ಜಗಳಗಂಟಿ ತಂಗಿ ಇದ್ದ ಹಾಗೇ. ಆದ್ರೆ ಆ ಮಾತು ಯಾಕೆ ಆಡಿದ್ರಿ?” ಎಂದ. ಊಟ ಮಾಡು ಎಂದು ಗದರಿದೆ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಎಲ್ಲಿಗೆ ಹೋಯಿತು ಎಂದು ನನಗೆ ಎರಡು ತಿಂಗಳ ಹಿಂದೆ ತಿಳಿಯಿತು. ಒಂದು ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಇಬ್ಬರು ಹೆಂಗಸರು ನಮ್ಮ ಬಾಗಿಲು ತಟ್ಟಿದರು. ಸನಾಳನ್ನು ನೋಡಿಹೋಗಿದ್ದ ಕೆ.ಆರ್. ಪುರದ ಹುಡುಗನ ತಾಯಿ ಮತ್ತು ಸೋದರತ್ತೆ. ಹುಡುಗ ಎಲೆಕ್ಟ್ರಿಷಿಯನ್. ಸಂಬಂಧ ಕೂಡಿಸುವ ಮುಂಚೆ ನೆರೆಮನೆಯಲ್ಲಿ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಚಹಾ ಕೊಟ್ಟೆ. ತಾಯಿ ಸಂಕೋಚದಿಂದಲೇ ಶುರುಮಾಡಿದರು.

“ಹುಡುಗಿ ನಮಗೆ ಒಪ್ಪಿಗೆ ಆಪಾ. ಆದ್ರೆ ಏನೇನೋ ಕೇಳಿಬಂತು. ಅವಳ ರಕ್ತದಲ್ಲಿ ಏನೋ ಇದೆ, ಅದಕ್ಕೇ ನೀವು ನಿಮ್ಮ ಮಗನಿಗೆ ಬೇಡ ಅಂದ್ರಿ ಅಂತ. ನೀವು ಆ ಕಾಯಿಲೆ ಬಗ್ಗೆ ತಿಳಿದೋರು. ಬೇರೆಯವರು ಅಂದಿದ್ರೆ ನಾವು ಕಿವಿಗೆ ಹಾಕ್ಕೊಳ್ತಿರ್ಲಿಲ್ಲ. ನೀವೇ ಬೇಡ ಅಂದ್ರಿ ಅಂದ್ಮೇಲೆ…”

ಎಲ್ಲರ ರಕ್ತ ಮುಟ್ಟುವ ಹುಡುಗಿ ಒಂದು ವರ್ಷದಲ್ಲಿ ಕೆಟ್ಟ ರಕ್ತದ ಹುಡುಗಿ ಆಗಿದ್ದಳು. ನನ್ನ ಹತ್ತೊಂಬತ್ತು ವರ್ಷದ ಹೆಸರೇ ಆ ಸುಳ್ಳಿಗೆ ಮೊಹರು ಒತ್ತಿತ್ತು. ನಾನೀಗ ಸುಮ್ಮನಿದ್ದರೆ ಈ ಸಂಬಂಧವಷ್ಟೇ ಅಲ್ಲ, ಮುಂದಿನದ್ದೂ ಮುರಿಯುತ್ತದೆ.

“ಕೇಳಿ,” ಎಂದೆ. “ಸನಾ ಎರಡು ತಿಂಗಳ ಕೂಸಾಗಿದ್ದಾಗ ಹನ್ನೊಂದು ದಿನ ನನ್ನ ಹಾಲು ಕುಡಿದಿದ್ದಾಳೆ. ಇಮ್ರಾನನಿಗೆ ತಂಗಿ ಅವಳು. ಹೇಗೆ ತರ್ಲಿ ಸೊಸೆ ಮಾಡ್ಕೊಂಡು? ಅದನ್ನ ಹೇಳೋಕೆ ಧೈರ್ಯ ಸಾಲದೆ ಬೇರೆ ಹೊಲಸು ಮಾತು ಆಡಿದೆ. ಅವಳಿಗೆ ಯಾವ ಕಾಯಿಲೆನೂ ಇಲ್ಲ. ಇದ್ದಿದ್ರೂ ನಾನು ಆಡಿದ ಮಾತು ತಪ್ಪೇ.”

“ಯಾ ಅಲ್ಲಾ! ಇಷ್ಟೇನಾ?” ಎಂದು ಆ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಮೊದ್ಲೇ ಹೇಳ್ಬಾರ್ದಾ ಆಪಾ!” ಇಬ್ಬರ ಮುಖವೂ ಅರಳಿತು. ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಆಗ ಮುಟ್ಟಿದರು. ನಗುತ್ತಾ ಹೊರಟುಹೋದರು.

ಒಳಕೋಣೆಯಲ್ಲಿ ಗಡ್ಡ ಕತ್ತರಿಸಿಕೊಳ್ಳುತ್ತಿದ್ದ ನಮ್ಮ ಮನೆಯವರು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದರು. ಹಾಲಿನ ವಿಷಯ ಅವರಿಗೂ ಅವತ್ತೇ ತಿಳಿದದ್ದು.

“ಸಂಜೆಯೊಳಗೆ ರಜಿಯಾ ಕಿವಿಗೆ ಬೀಳುತ್ತೆ. ಅದಕ್ಕೆ ಮುಂಚೆ ಹೋಗಿ ಹೇಳು. ನನ್ನದೂ ಸೇರಿಸಿ ಹೇಳು.”

“ನಿಮ್ಮದಾ? ನಕ್ಕೋ,” ಎಂದೆ. ನಕ್ಕೋ ಎಂದರೆ ಬೇಡ. “ಇಷ್ಟು ವರ್ಷ ಮುಚ್ಚಿಟ್ಟು ಈಗ ಹೇಳೋದಾ?”

“ನನ್ನ ಕಾಯಿಲೆಗೆ ಮಾತ್ರೆ ಇದೆ. ನೀನು ಆ ಹುಡುಗಿಗೆ ಅಂದ ಮಾತಿಗೆ ಏನಿದೆ? ಅರ್ಧ ಹೇಳಿದ್ರೆ ಮತ್ತೊಂದು ಸುಳ್ಳಾಗುತ್ತೆ. ರಜಿಯಾಗೆ ಪೂರ್ತಿ ಹೇಳು. ಗಲ್ಲಿಗೆ ಬೇಕಾಗಿಲ್ಲ.”

ಸಾಮಾನ್ಯವಾಗಿ ಅವರು ಇಷ್ಟು ಮಾತಾಡುವವರಲ್ಲ. ದುಪಟ್ಟಾ ತಲೆಗೆಳೆದುಕೊಂಡು ಹೊರಟೆ. ಪಕ್ಕದ ಬಾಗಿಲಿಗೆ ಹತ್ತು ಹೆಜ್ಜೆಯೂ ಇಲ್ಲ, ಒಂದು ವರ್ಷದಿಂದ ಆ ಹೊಸ್ತಿಲು ತುಳಿದಿರಲಿಲ್ಲ.

ರಜಿಯಾ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಸನಾ ಅಡುಗೆಮನೆಯಲ್ಲಿದ್ದಳು. ನಾನು ನಿಂತೇ ಹೇಳಿದೆ, ಮೊದಲು ಹಾಲಿನದು. ರಜಿಯಾ ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತಿಗೂ ನಗು ತರಿಸುತ್ತದೆ, ಅಳುವನ್ನೂ ತರಿಸುತ್ತದೆ. “ಬಾಟಲಿ ಕುಡೀಲೇ ಇಲ್ವಾ ಇವಳು? ಇಪ್ಪತ್ತಮೂರು ವರ್ಷದಿಂದ ಎಲ್ರಿಗೂ ಹೇಳ್ಕೊಂಡು ಬಂದಿದೀನಲ್ಲೇ, ನನ್ನ ಮಗಳು ಎರಡೇ ತಿಂಗಳಿಗೆ ಬಾಟಲಿ ಹಿಡಿದಳು ಅಂತ!” ಅವಳ ಕಣ್ಣು ತುಂಬಿತ್ತು. ಕೈಚಾಚಿ ನನ್ನನ್ನು ಕೂರಿಸಿಕೊಳ್ಳಲು ಬಂದಳು. ನಾನು ಕೂರಲಿಲ್ಲ. ಕೂತರೆ ಮಿಕ್ಕದ್ದು ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

ಮಿಕ್ಕದ್ದನ್ನೂ ಹೇಳಿದೆ. ಇವರ ಕಾಯಿಲೆ. ಪರೀಕ್ಷೆ ಮಾಡಿಸಿಕೊಳ್ಳದೆ ಕಳೆದ ಐದು ತಿಂಗಳು. ಜಿಲೇಬಿ. ರಜಿಯಾಳ ಕೈ ಹಿಂದಕ್ಕೆ ಹೋಯಿತು. ಕಾಯಿಲೆಯ ಬಗ್ಗೆ ಅವಳು ಒಂದು ಮಾತನ್ನೂ ಕೇಳಲಿಲ್ಲ.

“ಐದು ತಿಂಗಳು,” ಎಂದಳು. “ದಿನಾ ಬರ್ತಿದ್ದೆ. ದಿನಾ ಎತ್ಕೋತಿದ್ದೆ. ಒಂದು ದಿನ ಹೇಳೋಕಾಗ್ಲಿಲ್ವಾ? ನನ್ನ ಮಗು ಅದು, ಫರ್ಜಾನಾ. ಇದ್ದಿದ್ರೆ?”

ಮೆಂತ್ಯ ಸೊಪ್ಪನ್ನು ಪಕ್ಕಕ್ಕೆ ತಳ್ಳಿ ಬಾಗಿಲು ತೋರಿಸಿದಳು.

“ಹೋಗು. ಇವತ್ತು ಹೋಗು.”

ಹೊರಗೆ ಬಂದೆ. ಸನಾ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತಳು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಹಾಲು ಕೊಟ್ಟಿದ್ದಕ್ಕೆ ನನಗೇನೂ ಇಲ್ಲ ಖಾಲಾ, ಹಸಿದಿದ್ದೆ, ಕೊಟ್ರಿ. ಐದು ತಿಂಗಳಿಂದು ಅಮ್ಮಿ ಲೆಕ್ಕ, ಅವರು ನೋಡ್ಕೋತಾರೆ. ಕೆಲಸಕ್ಕೆ ಸೇರುವಾಗ್ಲೇ ನನಗೆ ಎಲ್ಲ ಟೆಸ್ಟೂ ಆಗಿದೆ, ಅದೂ ಬಿಡಿ. ಆದ್ರೆ ಆ ಮಾತು…” ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ತೆಗೆದಳು. “ಲ್ಯಾಬ್‌ಗೆ ಬರೋರಿಗೆಲ್ಲ ಹೆದರ್ಬೇಡಿ ಅಂತ ಹೇಳ್ತಿದ್ದೆ ಖಾಲಾ. ನಿಮ್ಮಿಂದ ಕಲ್ತಿದ್ದು. ಆಮೇಲೆ ಸೂಜಿ ಹಿಡಿದ್ರೆ ಕೈ ನಡುಗೋಕೆ ಶುರುವಾಯ್ತು.”

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಬೇಡವೆಂದು ತಲೆಯಾಡಿಸಿದಳು.

“ನನ್ನೊಬ್ಬಳ ಹತ್ರ ಅಲ್ಲ. ನೀವು ಅಂದಿದ್ದು ಊರೆಲ್ಲ ಕೇಳಿದೆ. ಎಲ್ಲೆಲ್ಲೋ ಕ್ಯಾಂಪ್ ಮಾಡ್ತೀರ. ನಮ್ಮ ಗಲ್ಲೀಲಿ ಯಾವಾಗ?”

ಅವತ್ತು ಮನೆಗೆ ಬಂದು, ನಾಚಿಕೆಯಾಗುತ್ತದೆ ಹೇಳಲು, ಹೊಟ್ಟೆತುಂಬ ಉಂಡೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಗೊರಕೆ ಹೊಡೆದು ಮಲಗಿದೆ. ಗೋಡೆಯಾಚೆ ರಜಿಯಾ ಅಳುತ್ತಿರಬಹುದು ಎಂದು ಗೊತ್ತಿದ್ದೂ ನಿದ್ದೆ ಬಂತು. ಎಷ್ಟು ಹಗುರವಾಗಿತ್ತು ಮೈ! ಇಪ್ಪತ್ತಮೂರು ವರ್ಷದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ.

ಮೂರು ವಾರದ ಮೇಲೆ ನಮ್ಮ ಗಲ್ಲಿಯ ಬಾಯಲ್ಲಿ ಶಾಮಿಯಾನ ಹಾಕಿಸಿದೆವು. ಸಂಘದವರು, ಪರೀಕ್ಷೆ ಮಾಡುವವರು ಬಂದರು. ಮೈಕು ಹಿಡಿದು ನಿಂತೆ. ಎದುರಿಗೆ ತರಕಾರಿಯವರು, ಗುಜರಿ ಅಂಗಡಿಯವರು, ಇಮ್ರಾನನ ಗೆಳೆಯರು, ನನ್ನನ್ನು ಇಪ್ಪತ್ತೈದು ವರ್ಷದಿಂದ ಬಲ್ಲವರು. ಚಿತ್ರದ ಹಾಳೆಗಳನ್ನು ತೆರೆಯಲೇ ಇಲ್ಲ. “ಸನಾ ನನ್ನ ಹಾಲು ಕುಡಿದ ಮಗಳು” ಎಂದೆ. “ಅದನ್ನ ಮುಚ್ಚಿಡೋಕೆ ಅವಳ ಮೇಲೆ ಸುಳ್ಳು ಹೇಳಿದೆ. ರಕ್ತ ಮುಟ್ಟೋ ಕೆಲಸ ಮಾಡಿದ್ರೆ ಕಾಯಿಲೆಯವರಾಗಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಅಂದೆ. ಒಂದು ಕಾಲದಲ್ಲಿ ನಾನೂ ಟೆಸ್ಟ್‌ಗೆ ಹೆದರಿ ಐದು ತಿಂಗಳು ಬಚ್ಚಿಟ್ಕೊಂಡಿದ್ದೆ. ನನ್ನ ಮಾತು ನಂಬಿ ಆ ಹುಡುಗಿ ಬಗ್ಗೆ ಯಾರಾದ್ರೂ ಬಾಯಿ ಆಡಿಸಿದ್ರೆ, ವಾಪಸ್ ತಗೊಳ್ಳಿ.” ಹಿಂದಿನಿಂದ ಯಾರೋ ಹೆಂಗಸು “ತೌಬಾ ತೌಬಾ, ಇಂಥವಳಾ ನೀನು” ಎಂದಳು. ಹೌದು, ಇಂಥವಳು ಎಂದೆ.

ಸನಾ ಹಿಂದಿನ ವಾರವೇ ಟೋಕನ್ ಮೇಜು ಬಿಟ್ಟು ತನ್ನ ಹಳೆಯ ಕೆಲಸಕ್ಕೆ ಮರಳಿದ್ದಳು. ಮದುವೆಯಾದ ಮೇಲೂ ಬಿಡುವುದಿಲ್ಲ ಎಂದು ಕೆ.ಆರ್. ಪುರದ ಹುಡುಗನಿಗೆ ತಾನೇ ಹೇಳಿ ಒಪ್ಪಿಸಿದ್ದಾಳೆ. ಕ್ಯಾಂಪಿನ ದಿನ ರಜೆ ಹಾಕಿ ಬಂದು ಮೇಜಿನ ಹಿಂದೆ ಕೂತಿದ್ದಳು. ಯಾರೂ ಮುಂದೆ ಬರಲಿಲ್ಲ. ಮೈಕು ಕೆಳಗಿಟ್ಟು ನಾನೇ ಹೋಗಿ ಕುರ್ಚಿಯಲ್ಲಿ ಕೂತೆ.

“ಹೆಸರು?” ಎಂದಳು ಸನಾ, ನಿಯಮದಂತೆ.

ಹೇಳಿದೆ.

“ಒಪ್ಪಿಗೆ ಇದೆಯಾ?”

ಇದೆ ಎಂದೆ. ತೋಳಿಗೆ ಪಟ್ಟಿ ಕಟ್ಟಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅದು ನಡುಗಲಿಲ್ಲ. ಸೂಜಿ ಹೋದದ್ದೂ ತಿಳಿಯಲಿಲ್ಲ. ಹತ್ತಿ ಒತ್ತಿ ಹಿಡಿದುಕೊಳ್ಳಿ ಎಂದಳು.

ಆಗ ಬೆನ್ನಿಗೆ ಯಾರೋ ತಿವಿದರು. ರಜಿಯಾ. ಮೂರು ವಾರದಿಂದ ನನ್ನ ಮುಖ ನೋಡದವಳು ಬುರ್ಖಾದ ತೋಳು ಮೇಲೆ ಮಡಿಚಿಕೊಂಡು ನನ್ನ ಹಿಂದೆ ನಿಂತಿದ್ದಳು. ಅವಳ ಹಿಂದೆ ಇನ್ನೂ ನಾಲ್ಕೈದು ಹೆಂಗಸರು ಎದ್ದು ಬರುತ್ತಿದ್ದರು.

“ಏಳು, ಏಳು ಬೇಗ,” ಎಂದಳು. “ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ.”

ಕ್ಷಮಿಸಿದಳೋ ಇಲ್ಲವೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಎದ್ದು ಅವಳಿಗೆ ಕುರ್ಚಿ ಬಿಟ್ಟೆ.